ನಮ್ಮ ಕಾಕಾ ಹೇಳಿದ ಮಳೆ

ನಮ್ಮ ಕಾಕಾ ಹೇಳಿದ ದಿನವೆಲ್ಲ ಮಳೆ ಬಂದಿದ್ದರೆ ರಾಯಚೂರು ಇಷ್ಟು ಹೊತ್ತಿಗೆ ಒಂದು ಬಂದರು ಆಗಿರುತ್ತಿತ್ತು. ದೇವದುರ್ಗದಿಂದ ಮಾನ್ವಿಗೆ ನಾವು ಹಡಗಿನಲ್ಲಿ ಓಡಾಡುತ್ತಿದ್ದೆವು. ಅರಕೇರಾದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ, ಮಂಡಾಳು ಒಗ್ಗರಣೆ ಬಿಟ್ಟು ಬರೀ ಮೀನು ಮಾರುತ್ತಿದ್ದರು. ನಮ್ಮ ಪುಣ್ಯ, ಹಾಗೇನೂ ಆಗಲಿಲ್ಲ. ಕಾಕಾ ಮಳೆ ಎಂದ ದಿನ ಬಿಸಿಲು ಇನ್ನಷ್ಟು ಹುರುಪಿನಿಂದ ಬೀಳುತ್ತದೆ. ಇದು ನಮ್ಮ ಮನೆಯವರೆಲ್ಲ ಕಣ್ಣಾರೆ ಕಂಡ ಸತ್ಯ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ನಿವೃತ್ತಿಯಾಗುವವರೆಗೆ ದೇವದುರ್ಗ–ರಾಯಚೂರು ಬಸ್ಸಿನ ಕಂಡಕ್ಟರ್ ಆಗಿದ್ದರು. ಅರಕೇರಾಕ್ಕೆ ಟಿಕೆಟ್ ಕೇಳಿದವರಿಗೆ ಟಿಕೆಟ್ಟಿನ ಜೊತೆ ಅಂದಿನ ಹವಾಮಾನವನ್ನೂ ಹರಿದು ಕೊಡುತ್ತಿದ್ದರು. ಕೇಳಲಿ, ಬಿಡಲಿ! ಜನ ಕೂಡ ಅದನ್ನು ಬಹಳ ನಂಬುತ್ತಿದ್ದರು. ಕಂಡಕ್ಟರ್ ಸಾಹೇಬರು ಇವತ್ತು ಮಳೆ ಅಂದರಂತೆ ಎಂದು ಗೊತ್ತಾದ ಕೂಡಲೇ ಊರಿನ ಹೆಂಗಸರು ನಿಶ್ಚಿಂತೆಯಿಂದ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಆ ಲೆಕ್ಕದಲ್ಲಿ ಅವರಷ್ಟು ನಿಖರವಾಗಿ ಹವಾಮಾನ ಹೇಳುವವರು ಜಿಲ್ಲೆಯಲ್ಲೇ ಇರಲಿಲ್ಲ. ಉಲ್ಟಾ ಓದಿಕೊಳ್ಳಬೇಕಿತ್ತು, ಅಷ್ಟೇ.

ಹಾಗಂತ ಕಾಕಾ ಸುಮ್ಮನೆ ಬಾಯಿಗೆ ಬಂದದ್ದು ಹೇಳುವವರಲ್ಲ. ಅದಕ್ಕೆಲ್ಲ ಆಧಾರ ಇರುತ್ತದೆ. ಇರುವೆ ಮೊಟ್ಟೆ ಹೊತ್ತು ಹೊರಟಿರಬೇಕು, ಗುಬ್ಬಿ ಧೂಳಿನಲ್ಲಿ ಹೊರಳಾಡಿರಬೇಕು, ಅವರ ಹೆಂಡತಿ, ನಮ್ಮ ಚಿಗವ್ವನ ಉಪ್ಪಿನ ಡಬ್ಬಿ ಬೆವತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವರ ಎಡಗಡೆಯ ಮಂಡಿ ಚುಳ್ ಅಂದಿರಬೇಕು. ಇಷ್ಟೆಲ್ಲ ಸಾಕ್ಷಿಗಳು ಒಂದೇ ಬೆಳಗ್ಗೆ ಹಾಜರಾದರೂ ಮೋಡ ಮಾತ್ರ ಬರುತ್ತಿರಲಿಲ್ಲ. ಯಾಕೆ ಬರಲಿಲ್ಲ ಕಾಕಾ ಎಂದು ಸಂಜೆ ಕೇಳಿದರೆ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಮಳೆ ಬಂದಿದೆ, ಆದರೆ ನಮ್ಮ ತಲೆಯ ಮೇಲಿಂದ ದಾಟಿ ಲಿಂಗಸುಗೂರಿನಲ್ಲಿ ಬಿದ್ದಿದೆ ಎನ್ನುತ್ತಿದ್ದರು. ಲಿಂಗಸುಗೂರಿನ ನೆಂಟರಿಗೆ ನಾನೇ ಒಮ್ಮೆ ಫೋನ್ ಮಾಡಿ ವಿಚಾರಿಸಿದೆ. ಮೋಡ ಎಲ್ಲ ನಿಮ್ಮ ರಾಯಚೂರಿನ ಕಡೆ ಹೋಯಿತಲ್ಲ ಎಂದು ಅವರು ನನ್ನನ್ನೇ ಕೇಳಿದರು. ಆ ಮಳೆ ಎಲ್ಲಿ ಬಿತ್ತು ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಮದುವೆಯ ಕಥೆ ಹೇಳದಿದ್ದರೆ ಕಾಕಾನ ಕಥೆ ಪೂರ್ತಿಯಾಗುವುದಿಲ್ಲ. ಅರಕೇರಾದಲ್ಲಿ, ನಡು ಬೇಸಿಗೆಯಲ್ಲಿ ಮದುವೆ. ಅಪ್ಪ ಬಟ್ಟೆಯ ಶಾಮಿಯಾನ ಹೇಳಿಟ್ಟಿದ್ದರು. ಲಗ್ನದ ದಿನ ಆನೆಗಾತ್ರದ ಮಳೆ ಇದೆ, ತಗಡು ಹೊದಿಸದಿದ್ದರೆ ಬೀಗರ ಎದುರು ಮಾನ ಹೋಗುತ್ತದೆ ಎಂದು ಕಾಕಾ ಅಪ್ಪನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಅಪ್ಪನಿಗೂ ಬುದ್ಧಿ ಎಲ್ಲಿ ಹೋಗಿತ್ತೋ, ತಗಡು ಹೊದಿಸಿಬಿಟ್ಟರು. ಲಗ್ನದ ದಿನ ಆಕಾಶದಲ್ಲಿ ಒಂದು ಹತ್ತಿಯ ಎಳೆಯಷ್ಟೂ ಮೋಡ ಇಲ್ಲ! ಕಲ್ಲೂರಿನಿಂದ ಬಂದ ನಮ್ಮ ಬೀಗರು ಕಾದ ತಗಡಿನ ಕೆಳಗೆ ಕೂತಲ್ಲೇ ಬೆಂದರು. ನಮ್ಮ ಮಾವನವರಂತೂ ಅಕ್ಷತೆ ಬೀಳುವವರೆಗೆ ತಲೆಯ ಮೇಲೆ ಒದ್ದೆ ಟವೆಲ್ ಹೊದ್ದುಕೊಂಡಿದ್ದರು, ಫೋಟೋದಲ್ಲೂ ಹಾಗೇ ಇದ್ದಾರೆ. ಅವತ್ತಿನಿಂದ ಕಾಕಾ ಎದುರಾದಾಗಲೆಲ್ಲ ಅವರು ಕ್ಷೇಮಸಮಾಚಾರಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: "ತಗಡು ತಂದೀರೇನ್ರಿ ಬೀಗರ?"

ಇಂಥ ಕಾಕಾನನ್ನು ಮುಂದಿಟ್ಟುಕೊಂಡು ನಾವು ಅಂಡಮಾನಿಗೆ ಹೊರಟೆವು.

ಸಮುದ್ರ ನೋಡಬೇಕು ಎಂದು ಮೊದಲು ಹಟ ಹಿಡಿದವಳು ಪಿಯುಸಿ ಓದುವ ನನ್ನ ಮಗಳು. ಗೋವಾ ಹತ್ತಿರ, ಹೋಗಿ ಬಂದರಾಯಿತು ಎಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ನಮ್ಮ ಅಜ್ಜಿ ತಾನೂ ಬರುತ್ತೇನೆ ಎಂದಳು. ಅಜ್ಜಿ ಅಂದರೆ ಕಾಕಾನ ತಾಯಿ. ಹರೆಯದಲ್ಲಿ ಕಾಲುವೆ ಅಗೆಯುವ ಕೆಲಸಕ್ಕೆ ಹೋಗಿ ಬುಟ್ಟಿಗಟ್ಟಲೆ ಮಣ್ಣು ಹೊತ್ತವಳು. ಅವಳು ಬಾಯಿಬಿಟ್ಟು ಏನನ್ನಾದರೂ ಬೇಕು ಎಂದದ್ದು ನಾನು ಕೇಳಿಯೇ ಇರಲಿಲ್ಲ.

"ಅಷ್ಟ ಕಾಲುವಿ ಅಗದೀನಿ. ಆ ನೀರೆಲ್ಲಾ ಕಡೀಕ ಎಲ್ಲಿಗಿ ಹೋಗತದ ಅಂತ ಒಮ್ಮಿ ನೋಡಬೇಕು. ಅದರಾಗ ಕಾಲಿಟ್ಟು ಬರಬೇಕು," ಎಂದಳು.

ನಮ್ಮ ನೀರು ಕೃಷ್ಣೆಯ ಜೊತೆ ಪೂರ್ವದ ಸಮುದ್ರಕ್ಕೆ ಹೋಗುತ್ತದೆ, ಗೋವಾದ ಸಮುದ್ರ ನಮ್ಮದಲ್ಲ ಎಂದು ಕಾಕಾ ತೀರ್ಪು ಕೊಟ್ಟರು. ಪೂರ್ವದ ಸಮುದ್ರದ ನಡುವೆಯೇ ಹೋಗಿ ಇಳಿಯೋಣ, ಅಂಡಮಾನ್ ಎಂದು ಮಗಳು ಸೇರಿಸಿದಳು. ಅಜ್ಜಿಯ ಮಂಡಿಗಳು ಈ ವರ್ಷ ಹೇಗೋ ಮಾತು ಕೇಳುತ್ತಿವೆ, ಮುಂದಿನ ವರ್ಷದ ಭರವಸೆ ಕೊಡಲಾರೆ ಎಂದು ಡಾಕ್ಟರು ಅದಾಗಲೇ ಹೇಳಿದ್ದರು. ಹಾಗಾಗಿ ಹೋದರೆ ಈಗಲೇ ಹೋಗಬೇಕು.

ಯಾವ ತಿಂಗಳಲ್ಲಿ ಹೋಗುವುದು? ಆಷಾಢದಲ್ಲಿ ಎಂದರು ಕಾಕಾ. ಆಷಾಢದಲ್ಲಿ ಲಗ್ನ ಇಲ್ಲ, ತೊಟ್ಟಿಲು ಇಲ್ಲ, ಮನೆಮಂದಿ ಎಲ್ಲ ಖಾಲಿ. ಮೇಲಾಗಿ ಮಳೆಗಾಲ, ತಂಪು ಹವೆ! ಓದಿದ ನಾನು, ಓದಿದ ನನ್ನ ಗಂಡ, ಫೋನಿನಲ್ಲಿ ಇಡೀ ಜಗತ್ತನ್ನು ಇಟ್ಟುಕೊಂಡ ನನ್ನ ಮಗಳು, ಒಬ್ಬರಾದರೂ ತಕರಾರು ತೆಗೆಯಬೇಕೋ ಬೇಡವೋ? ಎಲ್ಲರೂ ಭೇಷ್ ಎಂದೆವು. ಇದು ರಾಯಚೂರಿನವರು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಕಡೆ ಮಳೆಗಾಲ ಎಂದರೆ ಬಿಸಿಲು ಕೊಂಚ ಉಸಿರು ತೆಗೆದುಕೊಳ್ಳುವ ಕಾಲ. ಸಂಜೆ ನಾಲ್ಕು ಹನಿ ಬಿದ್ದರೆ ಜನ ಅಂಗಳಕ್ಕೆ ಬಂದು ಮುಖ ಒಡ್ಡುತ್ತಾರೆ. ಮಳೆಗಾಲದಲ್ಲಿ ಊರು ಸುತ್ತಬಾರದು ಎನ್ನುವ ಜನ ಭೂಮಿಯ ಮೇಲೆ ಇದ್ದಾರೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಟಿಕೆಟ್ ಮಾಡಿಸಿಕೊಟ್ಟ ಹುಡುಗಿ ಮಾತ್ರ ಆಷಾಢದಾಗ ಖರೇನ ಹೋಗ್ತೀರೇನ್ರಿ ಎಂದು ಮತ್ತೆ ಮತ್ತೆ ಕೇಳಿದಳು. ಯಾಕೆ ಕೇಳುತ್ತಿದ್ದಾಳೆ ಎಂದು ನಮಗೆ ಅರ್ಥವಾಗಲಿಲ್ಲ.

ನಾವು ಕೊಡೆಗಳನ್ನು ಒಯ್ದಿದ್ದೆವು, ಇಲ್ಲವೆಂದಲ್ಲ. ಆದರೆ ನಮ್ಮೂರಿನ ಕೊಡೆ ಬಿಸಿಲಿಗೆ ಹುಟ್ಟಿದ್ದು. ಅಂಡಮಾನಿನಲ್ಲಿ ಇಳಿದ ಮೇಲೆ ಆಟೋದಿಂದ ಹೋಟೆಲಿನ ಬಾಗಿಲವರೆಗೆ ಹೋಗುವಷ್ಟರಲ್ಲಿ ಚಿಗವ್ವನ ಹೂವಿನ ಚಿತ್ತಾರದ ಕೊಡೆ ತನ್ನ ಬಣ್ಣವನ್ನೆಲ್ಲ ಅವಳ ಸೀರೆಗೆ ದಾನ ಮಾಡಿತ್ತು. ನನ್ನದು ಗಾಳಿಗೆ ಉಲ್ಟಾ ಆಗಿ ನೀರು ಹಿಡಿಯುವ ಬೋಗುಣಿಯಾಗಿತ್ತು. ಮಳೆ ಮೇಲಿಂದ ಬರುತ್ತದೆ ಎಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು ನಾನು. ಅಲ್ಲಿ ಅದು ಎಡದಿಂದ ಬರುತ್ತಿತ್ತು, ಬಲದಿಂದ ಬರುತ್ತಿತ್ತು, ನೆಲಕ್ಕೆ ಬಡಿದು ಕೆಳಗಿನಿಂದಲೂ ಬರುತ್ತಿತ್ತು.

ಆ ದ್ವೀಪದಲ್ಲಿ ನಮಗೆ ಯಾವುದೂ ತಿಳಿಯದಾಯಿತು. ಬೆಳಗಿನ ಐದಕ್ಕೇ ಕಣ್ಣು ಕುಕ್ಕುವ ಬೆಳಕು, ಸಂಜೆ ಆರಕ್ಕೆ ಕತ್ತಲೆ. ಅಜ್ಜಿ ಸಂಜೆಯ ಚಹಾದ ಹೊತ್ತಿಗೆ ರಾತ್ರಿಯ ಊಟ ಮುಗಿಸಿ ಮಲಗುತ್ತಿದ್ದಳು, ನಾವು ಮಗ್ಗಲು ಬದಲಿಸುವ ಹೊತ್ತಿಗೆ ಎದ್ದು, ಮಧ್ಯಾಹ್ನವಾಯಿತು ಏಳ್ರಿ ಎಂದು ಬಾಗಿಲು ಬಡಿಯುತ್ತಿದ್ದಳು. ಆಟೋದವನು ತಮಿಳು, ಚಹಾದವನು ಬಂಗಾಳಿ, ಹೋಟೆಲಿನವರು ಹಿಂದಿ. ಕಾಕಾ ಮೂವರ ಜೊತೆಗೂ ರಾಯಚೂರಿನ ಬಸ್ ಸ್ಟ್ಯಾಂಡಿನ ಉರ್ದುವಿನಲ್ಲಿ ಮಾತಾಡಿದರು. ಯಾರಿಗೆ ಎಷ್ಟು ತಿಳಿಯಿತೋ, ನೀರು ಕೇಳಿದಾಗ ಚಹಾ ಬಂತು, ಚಹಾ ಕೇಳಿದಾಗ ಆಟೋ ಬಂತು.

ಚಿಗವ್ವನ ಕಷ್ಟ ಬೇರೆಯೇ. ಅವಳು ಒಂದು ವಾರ ಕೂತು ಕಟಕ ರೊಟ್ಟಿ ಬಡಿದು ತಂದಿದ್ದಳು. ತಿಂಗಳುಗಟ್ಟಲೆ ಇಟ್ಟರೂ ಮುರಿದರೆ ಪಟ್ ಎನ್ನಬೇಕು, ಅದು ಕಟಕ ರೊಟ್ಟಿ. ಎರಡನೆಯ ದಿನ ಗಂಟು ಬಿಚ್ಚಿದರೆ ಅವು ಒಗೆದ ಕರವಸ್ತ್ರದ ಹಾಗೆ ಮಡಚಿಕೊಂಡವು. ಚಿಗವ್ವ ಒಂದನ್ನು ಎತ್ತಿ ಹಿಡಿದು ನೋಡಿದಳು, ಅದು ಕೈಯಿಂದ ಜೋತು ಬಿತ್ತು. ತನ್ನ ಜೋಳದ ಹಿಟ್ಟಿಗೆ ಯಾರೋ ಮೈದಾ ಬೆರೆಸಿದ್ದಾರೆ ಎಂದು ದೇವದುರ್ಗದ ಗಿರಣಿಯವನಿಗೆ ಅಲ್ಲಿಂದಲೇ ಶಾಪ ಹಾಕಿದಳು. ಹೋಟೆಲಿನ ಇಸ್ತ್ರಿ ಪೆಟ್ಟಿಗೆ ತರಿಸಿ ಒಂದೊಂದೇ ರೊಟ್ಟಿಗೆ ಇಸ್ತ್ರಿ ಮಾಡಿದಳು. ಬಿಸಿ ಇರುವಾಗ ಗರಿಗರಿ ಅನ್ನಿಸಿದ್ದು, ಹಿಂಡಿ ಚಟ್ನಿ ಹಚ್ಚಿ ಬಾಯಿಗಿಡುವಷ್ಟರಲ್ಲಿ ಮತ್ತೆ ಬಟ್ಟೆ! ಪಕ್ಕದ ಕೋಣೆಯವರು ಬಂದು ಇಸ್ತ್ರಿ ಪೆಟ್ಟಿಗೆ ಕೇಳಿದಾಗ ಇನ್ನೂ ಅಡುಗೆ ಆಗಿಲ್ಲ ಎಂದು ಕಳಿಸಿದಳು. ಅವರು ಗೊಂದಲದಿಂದ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದರು.

ನಮ್ಮೆಲ್ಲರ ನಡುವೆ ಸುಖವಾಗಿದ್ದವರು ಕಾಕಾ ಒಬ್ಬರೇ. ಮೊದಲ ಬೆಳಗ್ಗೆಯೇ ಅವರು ಬಾಲ್ಕನಿಗೆ ಹೋಗಿ, ಆಕಾಶ ನೋಡಿ, ಮಂಡಿ ಸವರಿಕೊಂಡು, ಇವತ್ತು ಮಳೆ ಬರುತ್ತದೆ ಎಂದು ಘೋಷಿಸಿದರು. ಆ ಹೊತ್ತಿಗೆ ಮಳೆ ಬರುತ್ತಲೇ ಇತ್ತು ಎನ್ನುವುದು ಬೇರೆ ಮಾತು. ತಿಂಡಿಯ ಹೊತ್ತಿಗೆ ಅದು ಸ್ವಲ್ಪ ನಿಂತಿತು. ಕಾಕಾ ಇಡ್ಲಿ ಮುರಿಯದೆ ಕಾದರು. ಕೈ ತೊಳೆಯಲು ನಾವು ಏಳುವಷ್ಟರಲ್ಲಿ ಧೋ ಎಂದು ಸುರಿಯಿತು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಇಡೀ ಜೀವಮಾನದಲ್ಲಿ ಮೊದಲ ಸಲ ಅವರು ಹೇಳಿದ ಮಳೆ ಅವರು ಹೇಳಿದ ಊರಿನಲ್ಲೇ ಬಿದ್ದಿತ್ತು!

ಅವರು ಮೊದಲು ಫೋನ್ ಮಾಡಿದ್ದು ಕಲ್ಲೂರಿನ ನನ್ನ ಮಾವನವರಿಗೆ. ಮಳೆಯ ಸದ್ದು ಕೇಳಿಸಲಿ ಎಂದು ಫೋನನ್ನು ಕಿಟಕಿಯ ಆಚೆ ಹಿಡಿದರು. ಆ ಕಡೆಯಿಂದ ಏನು ಉತ್ತರ ಬಂತೋ, ಫೋನ್ ಇಟ್ಟಮೇಲೆ ತಗಡಿನ ಸುದ್ದಿ ಯಾರೂ ತೆಗೆಯಬಾರದು ಎಂದರು. ಮಗಳು ತನ್ನ ಫೋನ್ ತೋರಿಸಿ, ಇದು ನಿನ್ನೆಯೇ ಹೇಳಿತ್ತು ತಾತಾ ಎಂದಳು. ಅವರು ಕನ್ನಡಕ ಏರಿಸಿ ಓದಿ, ಪರವಾಗಿಲ್ಲ, ನನ್ನ ನೋಡಿ ಸರಿಯಾಗೇ ಬರೆದುಕೊಂಡಿದ್ದಾರೆ ಎಂದು ಫೋನನ್ನು ವಾಪಸ್ಸು ಕೊಟ್ಟರು.

ಆಮೇಲೆ ಅವರನ್ನು ಹಿಡಿಯುವವರು ಯಾರು? ಊಟದ ಕೋಣೆಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಕಂಡಕ್ಟರಿನ ಗತ್ತಿನಲ್ಲಿ ಹವಾಮಾನ ಹಂಚತೊಡಗಿದರು. ಪುಣೆಯ ಹೊಸ ಜೋಡಿಯೊಂದು ಮೂರಕ್ಕೆ ಹೊರಗೆ ಹೋಗಬಹುದೇ ಎಂದು ಕೇಳಿತು. ಮೂರಕ್ಕೇ ಮಳೆ ಎಂದರು, ಮೂರಕ್ಕೇ ಬಂತು. ಹೋಟೆಲಿನ ಅಡುಗೆಯವನು ಕಾಲೊರಸು ಒಣಹಾಕುವ ಮುಂಚೆ ಇವರ ಮುಖ ನೋಡತೊಡಗಿದ. ಅವನು ಒಣಹಾಕಲಿಲ್ಲ ಎನ್ನುವುದು ಮುಖ್ಯ. ಅರಕೇರಾದಲ್ಲಾಗಿದ್ದರೆ ಹಾಕುತ್ತಿದ್ದರು. ಕಾಕಾನ ಹೆಗಲ ಟವೆಲ್ಲಿಗೆ ಕೂಡ ಒಂದು ಠೀವಿ ಬಂತು. ನಾನು ಒಳಗೊಳಗೇ ಉರಿದುಕೊಂಡೆ. ತೆಂಗಿನಕಾಯಿ ಬಿದ್ದರೂ ನನ್ನನ್ನು ಕೇಳಿ ಬಿತ್ತು ಎನ್ನುವವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದು ಸುಲಭವೇ?

ಆದರೆ ಅಜ್ಜಿ?

ಸಮುದ್ರ ಹೋಟೆಲಿನ ಎದುರಿಗೇ ಇತ್ತು. ರಸ್ತೆ ದಾಟಿ, ತೆಂಗಿನ ಮರಗಳ ನಡುವೆ ಹೋದರೆ ಮರಳು. ಸದ್ದು ಕೋಣೆಗೇ ಕೇಳಿಸುತ್ತಿತ್ತು. ಗಾಳಿಯ ರಭಸಕ್ಕೆ ದಂಡೆಯಲ್ಲಿ ಕೆಂಪು ಬಾವುಟ ನೆಟ್ಟಿದ್ದರು, ಹತ್ತಿರ ಹೋದರೆ ಕಾವಲಿನವನು ಸೀಟಿ ಊದುತ್ತಿದ್ದ. ಅಜ್ಜಿ ದಿನಾ ಬೆಳಗ್ಗೆ ಸ್ನಾನ ಮಾಡಿ, ಸೀರೆಯನ್ನು ಮೀನಖಂಡದವರೆಗೆ ಎತ್ತಿ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡು, ಕಿಟಕಿಯ ಹತ್ತಿರ ಕುರ್ಚಿಯಲ್ಲಿ ತಯಾರಾಗಿ ಕೂರುತ್ತಿದ್ದಳು. ಹೊರಗೆ ಬೂದಿಬಣ್ಣ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಾಕಾ ಬಂದ ಕೂಡಲೇ, ಇವತ್ತು ಹೇಗೆ ಎಂದು ಕೇಳುತ್ತಿದ್ದಳು. ಮಳೆ ಬರುತ್ತದೆ ಎಂದು ಕಾಕಾ ಹುರುಪಿನಿಂದ ಹೇಳುತ್ತಿದ್ದರು.

"ನೀ ಅಂದ ಮ್ಯಾಲ ಮುಗೀತಪ್ಪ," ಎಂದು ಅಜ್ಜಿ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದಳು.

ಮೊದಲ ದಿನ ನಾವು ನಕ್ಕೆವು. ಮರುದಿನವೂ ನಕ್ಕೆವು ಅನ್ನಿಸುತ್ತದೆ. ಆಮೇಲೆ ನನಗೆ ನಗು ಬರಲಿಲ್ಲ. ಕಾಕಾನಿಗೆ ಇದು ಕಾಣುತ್ತಿಲ್ಲವೇ ಎಂದು ಸಿಟ್ಟು ಬಂತು. ಅವರಿಗೆ ಕಂಡಿದ್ದು ಹೊರಡುವ ದಿನ ಹತ್ತಿರ ಬಂದಾಗ. ಅವತ್ತು ಬೆಳಗ್ಗೆ ಅಜ್ಜಿಯ ಒಂದು ಚಪ್ಪಲಿಯ ಪಟ್ಟಿ ಒದ್ದೆಯಾಗಿ ಬಿಗಿದುಕೊಂಡಿತ್ತು. ಅವಳು ಬಗ್ಗಿ ಅದನ್ನು ಬಿಡಿಸುತ್ತಲೇ ಇದ್ದಳು. ಕಾಕಾ ಊಟದ ಕೋಣೆಗೆ ಹೊರಟಿದ್ದವರು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ಕೆಳಗೆ ಕೂತು ತಾವೇ ಪಟ್ಟಿ ಬಿಚ್ಚಿದರು. ಅವತ್ತು ಯಾರ ಮೇಜಿಗೂ ಹೋಗಲಿಲ್ಲ.

ಆ ಮಧ್ಯಾಹ್ನದಿಂದ ನಮ್ಮ ಕಾಕಾ ಉಲ್ಟಾ ಆದರು. ಮಳೆ ಬರುವುದಿಲ್ಲ ಎನ್ನಲು ಒಂದೇ ಒಂದು ಸಾಕ್ಷಿ ಸಿಕ್ಕರೆ ಸಾಕು ಎಂದು ಹುಡುಕತೊಡಗಿದರು. ಅಲ್ಲಿಯ ಇರುವೆಗಳ ಭಾಷೆ ಅವರಿಗೆ ಬಾರದು. ಅಂಗಳದಲ್ಲಿ ಓಡಾಡುವ ಏಡಿಯೊಂದನ್ನು ಹಿಂಬಾಲಿಸಿ ಹೋಗಿ ಮೈಯೆಲ್ಲ ಕೆಸರು ಮಾಡಿಕೊಂಡು ಬಂದರು. ಮಂಡಿ ಒಂದಿಷ್ಟೂ ನೋಯುತ್ತಿಲ್ಲ ಎಂದು ಕುಂಟುತ್ತ ಹೇಳಿದರು. ಕೊನೆಗೆ ನನ್ನ ಮಗಳ ಹತ್ತಿರ ಹೋಗಿ ಮೆಲ್ಲಗೆ, ಆ ಫೋನಿನಲ್ಲಿ ಬೇರೆ ಥರ ಹೇಳುವುದು ಯಾವುದಾದರೂ ಇದೆಯೇ ನೋಡು ಎಂದರು. ಅವಳು ಪಾಪ ಇದ್ದಬದ್ದ ಕಡೆಯೆಲ್ಲ ತಡಕಿದಳು. ಎಲ್ಲ ಕಡೆಯೂ ಒಂದೇ ಮೋಡ, ಒಂದೇ ಮಿಂಚು.

"ಎಲ್ಲಾದ್ರಾಗೂ ಮಳೀನ ಅದ ತಾತಾ," ಎಂದಳು.

"ಅಷ್ಟ ದುಡ್ಡು ಕೊಟ್ಟು ತಗೊಂಡೀರಿ, ಒಂದರ ಸುಳ್ಳು ಹೇಳಾಕ ಬರಂಗಿಲ್ಲೇನು ಅದಕ್ಕ?" ಎಂದು ಕಾಕಾ ಎದ್ದು ಹೋದರು.

ಕೊನೆಯ ದಿನ ಬಂತು. ಮರುದಿನ ಬೆಳಗ್ಗೆ ವಿಮಾನ. ಅವತ್ತು ಗಾಳಿ ಬಿದ್ದುಹೋಗಿತ್ತು, ದಂಡೆಯ ಕೆಂಪು ಬಾವುಟ ತೆಗೆದಿದ್ದರು. ಮಳೆಯೂ ನಿಂತಿತ್ತು, ಆದರೆ ಆಕಾಶ ರೊಟ್ಟಿ ಹಂಚಿನ ತಳದಷ್ಟು ಕಪ್ಪಾಗಿತ್ತು. ಮಳೆಯಲ್ಲಿ ಅಜ್ಜಿಯನ್ನು ಹೊರಗೆ ಒಯ್ದು ಅವಳಿಗೆ ಜ್ವರ ಬಂದರೆ ವಿಮಾನದಲ್ಲಿ ಏನು ಮಾಡುವುದು ಎಂದು ನನ್ನ ಗಂಡ ಹೇಳಿದರು. ಅವರ ಮಾತು ಸರಿಯಾಗೇ ಇತ್ತು. ಚಿಗವ್ವ ಗಂಟುಮೂಟೆ ಕಟ್ಟುತ್ತಿದ್ದಳು. ಅಜ್ಜಿ ಅವತ್ತೂ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಮೆಟ್ಟಿ ಕೂತಿದ್ದಳು.

"ಇವತ್ತ ಹೆಂಗಪ್ಪಾ?"

ಕಾಕಾ ಕಿಟಕಿಯಿಂದ ಬಹಳ ಹೊತ್ತು ಹೊರಗೆ ನೋಡಿದರು. ಅವರ ಎಡಗೈ ಮಂಡಿಯ ಮೇಲಿತ್ತು. ಆ ಮೋಡ ನೋಡಿದರೆ ಹಾಲು ಕುಡಿಯುವ ಕೂಸೂ ಹೇಳುತ್ತಿತ್ತು.

"ಬರಂಗಿಲ್ಲ ಯವ್ವಾ," ಎಂದರು. "ಇವತ್ತ ಮಳಿ ಬರಂಗಿಲ್ಲ. ಏಳು, ಹೋಗೋಣ."

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಅಜ್ಜಿ ಮಾತ್ರ ಮೋಡದ ಕಡೆ ತಿರುಗಿಯೂ ನೋಡದೆ ಎದ್ದು ನಿಂತಳು.

ಒಂದು ಕಡೆ ಕಾಕಾ, ಇನ್ನೊಂದು ಕಡೆ ನಾನು. ರಸ್ತೆ ದಾಟುವವರೆಗೆ ಒಂದು ಹನಿಯೂ ಇಲ್ಲ. ಕಾಕಾನ ಮುಖದಲ್ಲಿ ಆಸೆ ಚಿಗುರಿತು. ಬೇಗ ಬೇಗ ಎನ್ನುತ್ತಿದ್ದರು, ಅಜ್ಜಿಯ ಕಾಲು ಬೇಗ ಎನ್ನುವ ಮಾತನ್ನು ಮರೆತು ಎಷ್ಟೋ ಕಾಲವಾಗಿತ್ತು. ತೆಂಗಿನ ಮರಗಳ ಕೆಳಗೆ ಮೊದಲ ಹನಿ ಬಿತ್ತು. ಎಲೆಯ ನೀರು, ಎಲೆಯ ನೀರು ಎಂದರು ಕಾಕಾ. ಮರಳಿಗೆ ಕಾಲಿಡುವಷ್ಟರಲ್ಲಿ ಆಕಾಶವೇ ಹರಿದು ಬಿತ್ತು. ಅಷ್ಟು ದಿನ ಬಂದದ್ದೆಲ್ಲ ಬರೀ ತುಂತುರು ಅನ್ನಿಸುವಂಥ ಮಳೆ.

ಅಜ್ಜಿ ನಿಲ್ಲಲಿಲ್ಲ. ಕಾವಲಿನವನು ಮೊದಲು ಕೈ ಬೀಸಿದ. ಆಮೇಲೆ ಅವಳನ್ನು ನೋಡಿ ಏನನ್ನಿಸಿತೋ, ತಾನೇ ನೀರಿಗಿಳಿದು ನಮ್ಮ ಎದುರು ಅಡ್ಡ ನಿಂತುಕೊಂಡ. ಸಣ್ಣದೊಂದು ಅಲೆ ಬಂದು ಅಜ್ಜಿಯ ಪಾದ ಮುಚ್ಚಿ, ಹಿಮ್ಮಡಿಯ ಬಿರುಕುಗಳನ್ನೆಲ್ಲ ತೊಳೆದು ವಾಪಸ್ಸು ಹೋಯಿತು. ಅವಳು ಕಣ್ಣು ಮುಚ್ಚಿದಳು. ಮತ್ತೊಂದು ಅಲೆ ಬಂದಾಗ ಬಗ್ಗಿ ಬೊಗಸೆಯಲ್ಲಿ ತುಸು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಅವಳ ಮುಖ ಗೊಂದಲದಿಂದ ಕಿವುಚಿಕೊಂಡಿತು.

"ಇದ್ಯಾಕೋ ಹಿಂಗ? ನಾವು ಕಳಿಸಿದಾಗ ಸೀ ನೀರಿತ್ತಲ್ಲ," ಎಂದಳು.

ಕಾಕಾನ ತಲೆಯಿಂದ, ಮೂಗಿನಿಂದ, ಗದ್ದದಿಂದ ನೀರು ಸುರಿಯುತ್ತಿತ್ತು. ಲಿಂಗಸುಗೂರಿನ ಮೇಲೆ ಹಾಕಲು ಈಗ ಲಿಂಗಸುಗೂರೂ ಹತ್ತಿರದಲ್ಲಿರಲಿಲ್ಲ. ಅವರ ಬಾಯಿಂದ ನಾನು ಎಂದೂ ಕೇಳದ ಮಾತು ಅವತ್ತು ಕೇಳಿದೆ.

"ಯವ್ವಾ, ನಾ ಹೇಳಿದ್ದು ತಪ್ಪಾತು. ಮಳಿ ಬರಾಕತ್ತದ. ನಡಿ, ಒಳಗ ಹೋಗೋಣ."

ಅಷ್ಟರಲ್ಲಿ ಚಿಗವ್ವ ಹೋಟೆಲಿನ ದೊಡ್ಡ ಕೊಡೆಯೊಂದನ್ನು ಹಿಡಿದು ಓಡಿಬಂದು ಅಜ್ಜಿಯ ತಲೆಯ ಮೇಲೆ ಹಿಡಿದಳು. ಅಜ್ಜಿ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ನೆನೆದ ಸೆರಗು ತಲೆಗೆ ಅಂಟಿಕೊಂಡಿತ್ತು, ರೆಪ್ಪೆ ಬಿಡಿಸಲಾಗದಷ್ಟು ನೀರು ಕಣ್ಣೊಳಗೆ ಇಳಿಯುತ್ತಿತ್ತು.

"ಕೊಡಿ ಯಾಕವ್ವ?" ಎಂದಳು ಚಿಗವ್ವನಿಗೆ. "ನನ್ನ ಮಗ ಇವತ್ತ ಮಳಿ ಬರಂಗಿಲ್ಲ ಅಂದಾನ."

ಕಾಕಾ ಮುಖ ಆ ಕಡೆ ತಿರುಗಿಸಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಚಿಗವ್ವ ಕೊಡೆ ಮಡಚಿದಳು. ನನ್ನ ಗಂಡ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು, ಮಗಳು ಫೋನನ್ನು ಒಳಗೇ ಬಿಟ್ಟು ಬಂದಿದ್ದಳು. ಅಜ್ಜಿಗೆ ಸಾಕು ಅನ್ನಿಸುವವರೆಗೆ ನಾವೆಲ್ಲ ಅವಳ ಸುತ್ತ ನೀರಿನಲ್ಲಿ ಕಾಲಿಟ್ಟು, ಮೈಯೆಲ್ಲ ತೊಪ್ಪೆಯಾಗಿ ನಿಂತೆವು. ಮಳೆ ಬರುತ್ತಿದೆ ಎಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ.